ತಪ್ಪುಕಾಣಿಕೆ

ಕೃಷ್ಣಮೂರ್ತಿಯಂಥ ಒಳ್ಳೆಯ ಮನುಷ್ಯರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು. ಆದರೂ ನನಗೆ ಮೈಯೆಲ್ಲ ಉರಿಯುತ್ತದೆ. ಮಿಷಿಗನ್ ರಾಜ್ಯದ ನೋವೈ ಊರಿನ ನಮ್ಮ ಬಡಾವಣೆಯಲ್ಲಿ ಅವರದು ಪಕ್ಕದ ಮನೆ. ಮೈಸೂರಿನವರು, ಕಾರಿನ ಬಿಡಿಭಾಗಗಳ ಎಂಜಿನಿಯರಾಗಿ ರಿಟೈರ್ ಆದವರು. ಒಂದರದ್ದನ್ನು ಇನ್ನೊಂದಕ್ಕೆ ಕೂರಿಸುವುದೇ ಅವರ ಹುಚ್ಚು. ನನ್ನ ಮಿಕ್ಸಿಯ ಜಾರ್ ಒಡೆದಾಗ ಬೇರೆ ಯಾವುದೋ ಕಂಪನಿಯದನ್ನು ತಂದು ಕೂರಿಸಿಕೊಟ್ಟರು. ಇವತ್ತಿಗೂ ನಮ್ಮ ಮನೆಯ ಚಟ್ನಿ ಅದರಲ್ಲೇ.

"ಸ್ವಲ್ಪ ಅಡ್ಜಸ್ಟ್ ಮಾಡಿದ್ರೆ ಪ್ರಪಂಚದಲ್ಲಿ ಯಾವ್ದೂ ವೇಸ್ಟ್ ಅಲ್ಲ, ಸರೋಜಮ್ಮ" ಎನ್ನುತ್ತಿದ್ದರು.

ಹೆಂಡತಿ ಶಾರದಾಗೆ ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್. ಡ್ರೈವ್ ಮಾಡುವವರು, ಸೂಜಿ ಚುಚ್ಚುವಾಗ ಕೈ ಹಿಡಿದು ಕೂರುವವರು ಇವರೇ. ಗಂಡಹೆಂಡಿರ ನಡುವೆ ಜಗಳ ಇರಲಿಲ್ಲವೆಂದಲ್ಲ. ತಪ್ಪು ಯಾರದ್ದೇ ಇರಲಿ, ಮೂರ್ತಿಗಳು ದೇವರ ಮುಂದೆ ನಿಂತ ಹಾಗೆ ಕೆನ್ನೆ ತಟ್ಟಿಕೊಂಡು "ತಪ್ಪಾಯ್ತು ಶಾರದಾ" ಎಂದುಬಿಡುವರು. "ಆಯ್ತು ಬಿಡಿ" ಎಂದು ಅವಳು ನಗುವಳು. ಅಲ್ಲಿಗೆ ಮುಗಿಯಿತು.

ರಿಟೈರ್ ಆದಮೇಲೆ ಹಳೆಯ ಸಹೋದ್ಯೋಗಿಯೊಬ್ಬ ಶೂಟಿಂಗ್ ರೇಂಜಿನಲ್ಲಿ ಗುರಿ ಹೊಡೆಯುವ ಗೀಳು ಹತ್ತಿಸಿದ. ಒಂದು ಪಿಸ್ತೂಲು, ಒಂದು ಉದ್ದ ಬಂದೂಕು ಬಂದವು. ಕಾಗದಪತ್ರವೆಲ್ಲ ಸರಿಯಾಗಿಯೇ ಇತ್ತು. ಪಿಸ್ತೂಲಿನ ಮ್ಯಾಗಜಿನ್, ಎಂದರೆ ಹದಿನೈದು ಗುಂಡು ಹಿಡಿಯುವ ಡಬ್ಬಿ, ಉದ್ದ ಬಂದೂಕಿಗೆ ಕೂರುತ್ತಿರಲಿಲ್ಲ. ಕೂರದ್ದನ್ನು ಮೂರ್ತಿಗಳು ಹಾಗೇ ಬಿಡುತ್ತಾರೆಯೇ? ಕೂರಿಸಿದರು. ಶಾರದಾ "ಕಾನೂನು ಏನನ್ನುತ್ತೋ ನೋಡ್ರೀ" ಎಂದಳು. ನೋಡಿದರು ಕೂಡ. ಮಿಷಿಗನ್ನಿನಲ್ಲಿ ತೊಂದರೆ ಇರಲಿಲ್ಲ. ಮಿಷಿಗನ್ ಮುಗಿದ ಮೇಲೆ ಇನ್ನೊಂದು ರಾಜ್ಯ ಶುರುವಾಗುತ್ತದೆಂಬುದು ಈ ಬುದ್ಧಿವಂತರಿಗೆ ಹೊಳೆಯಲಿಲ್ಲ.

ಹೋದ ವರ್ಷದ ಹಿಂದಿನ ವರ್ಷದ ದೀಪಾವಳಿಗೆ ಶಿಕಾಗೊ ಹತ್ತಿರದ ಲಿಸ್ಲ್‌ನಲ್ಲಿರುವ ಮಗಳು ಅನಿಕಾಳ ಮನೆಗೆ ಹೊರಟರು. ಅಳಿಯನಿಗೆ ತೋರಿಸೋಣವೆಂದು ಎರಡನ್ನೂ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡರು. ಇನ್ನೇನು ಹೈವೇಯಿಂದ ಲಿಸ್ಲ್‌ಗೆ ತಿರುಗುವ ಎಕ್ಸಿಟ್ ಬರಬೇಕು, ಬ್ರೇಕ್ ಲೈಟು ಉರಿಯುತ್ತಿಲ್ಲವೆಂದು ಪೊಲೀಸಿನವನು ನಿಲ್ಲಿಸಿದ. ಗಾಡಿಯಲ್ಲಿ ಆಯುಧ ಇದೆಯೇ ಎಂದು ಕೇಳಿದ. ಇವರು ಇಳಿದು ಡಿಕ್ಕಿ ತೆಗೆದು ತೋರಿಸಿ, ಪಿಸ್ತೂಲಿನದ್ದನ್ನು ಉದ್ದ ಬಂದೂಕಿಗೆ ಹೇಗೆ ಅಡ್ಜಸ್ಟ್ ಮಾಡಿದೆನೆಂದು ಹೆಮ್ಮೆಯಿಂದ ವಿವರಿಸಿದರು! ಶಿಕಾಗೊ ಇರುವ ಇಲಿನಾಯ್ ರಾಜ್ಯದಲ್ಲಿ ಪಿಸ್ತೂಲಿಗಾದರೆ ಹದಿನೈದು ಗುಂಡು ಸರಿ, ಉದ್ದ ಬಂದೂಕಿಗೆ ಹತ್ತೇ. ಸುಮ್ಮನಿದ್ದಿದ್ದರೆ ಅದು ಪಿಸ್ತೂಲಿನ ಡಬ್ಬಿಯಾಗಿಯೇ ಉಳಿಯುತ್ತಿತ್ತೇನೋ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಸಣ್ಣ ಅಪರಾಧ, ಬರೀ ದಂಡ. ಅನಿಕಾ ಬಡಕೊಂಡಳು: "ಅಪ್ಪಾ, ಪ್ಲೀಸ್, ಟಾಕ್ ಟು ಎ ಲಾಯರ್ ಫಸ್ಟ್."

"ತಪ್ಪು ನಂದೇ ಅಲ್ವೇನೆ? ತಪ್ಪುಕಾಣಿಕೆ ಹಾಕಿದ್ರೆ ತಿಮ್ಮಪ್ಪನೇ ಸುಮ್ನಾಗ್ತಾನೆ, ಇವ್ರೇನು ಮಹಾ!"

ಕೋರ್ಟಿನಲ್ಲಿ ಕೈಮುಗಿದು 'ಗಿಲ್ಟಿ' ಎಂದರು. ದಂಡ ಕಟ್ಟಿ, ಬರುವಾಗ ನಮಗೂ ಒಂದು ಡಬ್ಬಿ ಮೈಸೂರುಪಾಕು ತಂದರು. ನಾವೆಲ್ಲ ತಿಂದೆವು.

ನಮ್ಮಲ್ಲಿ ತಪ್ಪಾಯ್ತು ಎಂದರೆ ವಿಷಯ ಮುಗಿಯಿತು. ಇಲ್ಲಿ ಶುರುವಾಗುವುದೇ ಅಲ್ಲಿಂದ. ಶಾರದಾ ಎಂದೋ ಸಿಟಿಜನ್ ಆಗಿದ್ದಳು. ಇವರು ಮಾತ್ರ ಇಂಡಿಯಾದ ಪಾಸ್‌ಪೋರ್ಟು ಬಿಡಲು ಮನಸ್ಸಾಗದೆ ಗ್ರೀನ್ ಕಾರ್ಡಿನಲ್ಲೇ ಮುದುಕರಾದವರು. ಸಿಟಿಜನ್ ಅಲ್ಲದವನು ಬಂದೂಕಿನ ಅಪರಾಧ ಒಪ್ಪಿಕೊಂಡರೆ ದೇಶದಿಂದಲೇ ಕಳಿಸಬಹುದಂತೆ. ಬಂದೂಕೇ ಆಗಬೇಕಿಲ್ಲ, ಅದರ ಬಿಡಿಭಾಗವಾದರೂ ಸಾಕೆಂದು ಸರ್ಕಾರದ ಕಡೆಯವರು ವಾದಿಸಿದರು. ಜೀವಮಾನವೆಲ್ಲ ಬಿಡಿಭಾಗ ಕೂರಿಸಿದವರನ್ನು ಒಂದು ಬಿಡಿಭಾಗವೇ ಕಿತ್ತುಹಾಕಿತು. ಡೆಟ್ರಾಯಿಟ್‌ನ ಇಮಿಗ್ರೇಷನ್ ಕೋರ್ಟಿನಲ್ಲಿ ಲಾಯರು ಶಾರದಾಳ ಕಾಯಿಲೆ ಹೇಳಿ ದಯೆ ಬೇಡಿದ. ದಯೆ ತೋರುವುದೂ ಬಿಡುವುದೂ ಜಡ್ಜರ ಇಚ್ಛೆ. ತೋರಲಿಲ್ಲ. ಅಪೀಲೂ ಬಿದ್ದುಹೋಯಿತು, ಮೂರ್ತಿಗಳು ದೇಶ ಬಿಡಬೇಕೆಂದಾಯಿತು. ಲಿಸ್ಲ್‌ಗೆ ಬಾ ಎಂದು ಅನಿಕಾ ಎಷ್ಟು ಕರೆದರೂ ಶಾರದಾ ಈ ಮನೆ ಬಿಟ್ಟು ಅಲುಗುವುದಿಲ್ಲ ಎಂದಳು. ಮೈಸೂರಿಗೆ ಹೋಗಿ ಹೊಸದಾಗಿ ಶುರುಮಾಡುವ ಶಕ್ತಿ ಅವಳಿಗಿಲ್ಲವೆಂದು ಡಾಕ್ಟರೇ ಹೇಳಿದ್ದರು.

ಇನ್ನು ಅವಳನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವವಳು ನಾನು. ಮೊನ್ನೆ ಬೆಳಿಗ್ಗೆ ಮೂರ್ತಿಗಳು ನಮ್ಮ ಡ್ರೈವ್‌ವೇಗೆ ಬಂದರು. ಶಾರದಾ ಏಳುವಾಗ ಹಿಡಿದುಕೊಳ್ಳುವ ಹಿಡಿಯೊಂದು ಅವರ ಕಾರಿನಲ್ಲಿತ್ತು. ಅದನ್ನು ಬಿಚ್ಚಿ ತಂದು ನನ್ನ ಕಾರಿಗೆ ಹಾಕಲು ಕೂತರು. ಕಂಪನಿ ಬೇರೆ, ಅಳತೆ ಬೇರೆ. ಮಧ್ಯಾಹ್ನದವರೆಗೂ ಉಜ್ಜಿದರು, ಬಗ್ಗಿಸಿದರು, ಮತ್ತೆ ಉಜ್ಜಿದರು. ಕೊನೆಗೆ ಸರಿಯಾಗಿ ಕೂತಿತು. ಶಾರದಾಳನ್ನು ಕರೆತಂದು ಸೀಟಿನಲ್ಲಿ ಕೂರಿಸಿ, "ಹಿಡಿದು ನೋಡು" ಎಂದರು.

ಅವಳು ಹಿಡಿದು ನೋಡಿದಳು. ಅಲುಗಾಡಲಿಲ್ಲ.

"ಎಲ್ಲಾದಕ್ಕೂ ಎಲ್ಲಾನೂ ಕೂರಿಸಿದ್ರಿ" ಎಂದಳು. "ಸೂಜಿ ಚುಚ್ಚುವಾಗ ನನ್ನ ಪಕ್ಕ ಯಾರನ್ನ ಕೂರಿಸಿ ಹೋಗ್ತೀರಿ?"

ಮೂರ್ತಿಗಳು ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕಿಟ್ಟರು. ಗ್ರೀಸ್ ಮೆತ್ತಿದ ಬೆರಳಿನಲ್ಲೇ ಎರಡೂ ಕೆನ್ನೆ ತಟ್ಟಿಕೊಂಡು, "ತಪ್ಪಾಯ್ತು ಶಾರದಾ" ಎಂದರು.

ನಾನು ಕಾದೆ. ಅವರೂ ಕಾದರು. "ಆಯ್ತು ಬಿಡಿ" ಎಂದು ಶಾರದಾ ಹೇಳಲಿಲ್ಲ.