ಗಣಿಯ ಎತ್ತು ಇಳಿಯಲಿಲ್ಲ

ಕಮಲಾಪುರದ ಹೊರಗೆ, ಕೆಂಪು ಗುಡ್ಡದ ಮೇಲೆ, ಒಂದು ಸಣ್ಣ ಕಬ್ಬಿಣಕಲ್ಲಿನ ಗಣಿ ಇತ್ತು. ಕಲಬುರಗಿಯ ಗಂಜ್ ಮಾರುಕಟ್ಟೆಯ ಬೇಳೆ ವ್ಯಾಪಾರಿಯೊಬ್ಬರು ಅದನ್ನು ತೋಡಿಸಿ, ಗುಡ್ಡದ ನೆತ್ತಿಯಿಂದ ಡಾಂಬರು ರಸ್ತೆಯವರೆಗೆ ಕಿರಿದಾದ ಹಳಿ ಹಾಕಿಸಿದ್ದರು. ಕಲ್ಲು ತುಂಬಿದ ತಗಡಿನ ಗಾಡಿಗಳು ತಮ್ಮ ಭಾರಕ್ಕೆ ತಾವೇ ಉರುಳಿ ಬರುತ್ತಿದ್ದವು. ಒಬ್ಬ ಆಳು ಬ್ರೇಕು ಹಿಡಿದಿರುತ್ತಿದ್ದ. ಖಾಲಿ ಗಾಡಿಗಳನ್ನು ಮೇಲಕ್ಕೆ ಎಳೆಯಲು ಒಂದು ಎತ್ತು. ಅದು ನಡೆದು ಇಳಿಯುವಷ್ಟರಲ್ಲಿ ಹೊತ್ತಾಗುತ್ತದೆಂದು ಅದನ್ನೂ ಕೊನೆಯ ಗಾಡಿಯಲ್ಲಿ ನಿಲ್ಲಿಸಿ ಇಳಿಸುತ್ತಿದ್ದರು. ಬಸ್ಸಿನ ಕಿಟಕಿಯಿಂದ ನಾನೇ ಕಂಡಿದ್ದೇನೆ: ಅದು ಮೆಲುಕು ಹಾಕುತ್ತ, ಊರು ನೋಡುತ್ತ ಇಳಿಯುತ್ತಿತ್ತು.

ಕಲ್ಲಿನಲ್ಲಿ ಮಣ್ಣೇ ಹೆಚ್ಚಾಗಿ ಗಣಿ ಮುಚ್ಚಿತು. ಹಳಿ ಗುಜರಿಗೆ ಹೋಯಿತು. ಎತ್ತನ್ನು ನನ್ನ ಸೋದರಮಾವ ಕೊಂಡುಕೊಂಡ.

ಮಾವನ ಮನೆ ದಿಬ್ಬದ ಮೇಲೆ, ಹೊಲ ಕೆಳಗೆ. ಮಳೆ ಬಿದ್ದು ನೆಲ ಹದಕ್ಕೆ ಬಂದಿತ್ತು. ಹಸಿ ಆರುವುದರೊಳಗೆ ತೊಗರಿ ಬಿತ್ತಬೇಕು. ನಾನೂ ರಜೆ ಹಾಕಿ ಹೋಗಿದ್ದೆ. ಕೂರಿಗೆಗೆ ಎರಡು ಎತ್ತು ಬೇಕು. ಮನೆಯ ಹಳೆಯ ಎತ್ತು ದಾರಿ ಹಿಡಿಯಿತು. ಗಣಿಯ ಎತ್ತು ಇಳಿಜಾರಿನ ತುದಿಯಲ್ಲಿ ನಿಂತುಬಿಟ್ಟಿತು. ಮಾವ ಹಗ್ಗ ಜಗ್ಗಿದ, ಬೆನ್ನು ಸವರಿದ, ಹಿಂದಿನಿಂದ ಹೆಗಲು ಕೊಟ್ಟು ನೂಕಿದ.

"ಕಾಲಿಗಿ ಏನರ ಆಗ್ಯಾದೇನು?" ಎಂದ.

"ಕಾಲಿಗಿ ಏನೂ ಆಗಿಲ್ಲ," ಎಂದಳು ಅತ್ತೆ. "ಸಾಹೇಬ್ರು ಗಾಡಿ ಬರೂದು ಕಾಯ್ಲಿಕತ್ತಾರ. ಇಲ್ಲಾಂದ್ರ ನೀವೇ ಹೊತ್ಕೊಂಡ್ ಹೋಗ್ರಿ."

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ಸಂತೆಗೆ ಬಾಳೆಗೊನೆ ಮುಟ್ಟಿಸಿ ತನ್ನ ಸಣ್ಣ ಗೂಡ್ಸ್ ಗಾಡಿಯಲ್ಲಿ ಖಾಲಿ ಬಂದ. ಗಾಡಿ ಕಂಡದ್ದೇ ಎತ್ತು ಅದರ ಹಿಂದೆ ಹೋಗಿ ನಿಂತಿತು. ಗಾಡಿಯ ಹಿಂಬದಿಯ ಹಲಗೆ ಇಳಿಸಿ ಮನೆಮುಂದಿನ ಕಟ್ಟೆಗೆ ತಾಗಿಸಿದೆವು, ತಾನೇ ಹತ್ತಿತು.

"ಕಾಕಾ, ಇದು ಬಾಳೆಹಣ್ಣಿನ ಗಾಡಿರೀ!" ಎಂದು ಹುಡುಗ ಕೂಗಿಕೊಂಡ.

"ಇದೂ ಒಂದು ಗೊನಿ ಅಂತ ತಿಳ್ಕೋ. ಮೆಲ್ಲಕ ನಡಿ," ಎಂದ ಮಾವ.

ಹಗ್ಗ ಹಿಡಿಯಲು ನನ್ನನ್ನು ಹಿಂದೆ ಹತ್ತಿಸಿದರು. ಇದನ್ನು ನಿಧಾನವಾಗಿಯೇ ಹೇಳಬೇಕು. ತಿರುವಿನಲ್ಲಿ ಎತ್ತು ಎಡಕ್ಕೆ ವಾಲಿತು. ಗಾಡಿಯೂ ಎಡಕ್ಕೆ ವಾಲಿತು. ಎಡಬದಿಯಲ್ಲಿ ನಾನಿದ್ದೆ. ಬಲಗಡೆಯ ಚಕ್ರ ನೆಲ ಬಿಟ್ಟಿತೆಂದು ಮಾವ ಹೇಳುತ್ತಾನೆ. ನಾನು ಹಾಗೆ ಹೇಳಲಾರೆ, ಕಣ್ಣು ಮುಚ್ಚಿದ್ದೆ. ಕುತ್ತಿಗೆಗೆ ಬಿಸಿ ಉಸಿರು ತಾಗುತ್ತಿತ್ತು, ಅದು ಖಚಿತ. ಎತ್ತು ಮೆಲುಕು ಹಾಕುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಹೊಲದ ಬದುವಿಗೆ ಗಾಡಿ ತಾಗಿಸಿದಾಗ ಅದು ಇಳಿದು, ಸೀದಾ ನೊಗಕ್ಕೆ ಕತ್ತು ಕೊಟ್ಟಿತು. ನನ್ನ ಬೆರಳುಗಳಿಂದ ಹಗ್ಗವನ್ನು ಮಾವನೇ ಬಿಡಿಸಬೇಕಾಯಿತು. ಸಂಜೆಗೆ ಅರ್ಧ ಹೊಲ ಮುಗಿದಿತ್ತು. ಮನೆಗೆ ಏರುವಾಗ ಅದೇ ಎಲ್ಲರಿಗಿಂತ ಮುಂದೆ ನಡೆಯಿತು.

ಮರುದಿನ ಬೆಳಿಗ್ಗೆ ದಿಬ್ಬದ ತುದಿಯಲ್ಲಿ ಮನೆಯ ಹಳೆಯ ಎತ್ತೂ ನಿಂತುಬಿಟ್ಟಿತು.

"ಎರಡೂ ಹಿಡ್ಯಂಗಿಲ್ಲರೀ ಕಾಕಾ," ಎಂದ ಹುಡುಗ.

"ಹಂಗಾರ ಎರಡು ಸಲ ಬಾ," ಎಂದಳು ಅತ್ತೆ.

ಅವನು ಎರಡು ಸಲ ಬಂದ. ಹಸಿ ಆರುವ ಮೊದಲೇ ಉಳಿದ ಹೊಲವನ್ನೂ ಬಿತ್ತಿಯಾಯಿತು. ನಾನು ನಡೆದೇ ಇಳಿದೆ.