ಎಡಗಾಲಿ ಅಣ್ಣನದು, ಬಲಗಾಲಿ ನನ್ನದು

ಮನೆ ಪಾಲಾದಾಗ ನಾನೂ ನಮ್ಮಣ್ಣನೂ ಬಹಳ ನ್ಯಾಯವಾಗಿ ನಡೆದುಕೊಂಡೆವು ಎಂದು ನಮ್ಮೂರು ಹೊಳಲಿನ ಸುತ್ತಮುತ್ತ ಇವತ್ತಿಗೂ ಹೇಳುವವರಿದ್ದಾರೆ. ಹಾಗೆ ಹೇಳಿಕೊಂಡು ತಿರುಗಿದವರಲ್ಲಿ ನಾನೇ ಮೊದಲಿಗ. ನಡುಮನೆಗೆ ಗೋಡೆ ಎಬ್ಬಿಸಿದೆವು, ಹಿತ್ತಲಿಗೆ ಬೇಲಿ ಹಾಕಿದೆವು, ಗದ್ದೆಗೆ ನಾಲೆ ನೀರು ಕಟ್ಟುವ ಸರದಿ ಗೊತ್ತು ಮಾಡಿಕೊಂಡೆವು. ಒರಳುಕಲ್ಲು ಅಣ್ಣನ ಕಡೆಗೆ ಹೋಯಿತು, ಬೀಸುಕಲ್ಲು ನನ್ನ ಕಡೆಗೆ ಬಂತು. ಹೀಗಾಗಿ ಅವನ ಮನೆಯಲ್ಲಿ ಹಿಟ್ಟಿಗೆ ಪರದಾಟ, ನನ್ನ ಮನೆಯಲ್ಲಿ ಖಾರಕ್ಕೆ ಪರದಾಟ. ಆದರೂ ನ್ಯಾಯವಾಗಿತ್ತು.

ಎರಡು ಮಾತ್ರ ಪಾಲು ಮಾಡಲು ಬಗ್ಗಲಿಲ್ಲ. ಒಂದು ನಮ್ಮವ್ವ, ಇನ್ನೊಂದು ಲಾರಿ.

ಅವ್ವನ ವಿಷಯವನ್ನು ಊರ ಹಿರಿಯರು ಒಂದು ಎಲೆಯಡಿಕೆ ಹಾಕುವಷ್ಟು ಹೊತ್ತಿನಲ್ಲಿ ಬಗೆಹರಿಸಿದರು. ಹುಣ್ಣಿಮೆಯಿಂದ ಅಮಾವಾಸ್ಯೆಗೆ ಅಣ್ಣನ ಮನೆ, ಅಮಾವಾಸ್ಯೆಯಿಂದ ಹುಣ್ಣಿಮೆಗೆ ನನ್ನ ಮನೆ. ಆ ಎರಡು ದಿನ ಅವ್ವ ಸೀರೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಅಂಗಳ ದಾಟುವಳು. ಅವತ್ತು ಏನೂ ತಿನ್ನುತ್ತಿರಲಿಲ್ಲ. ‘ಇವತ್ತು ನಂದು ಉಪಾಸ ಕಣ್ರಪ್ಪ’ ಎನ್ನುವಳು. ಮುಂಚೆ ಇಲ್ಲದ ಈ ಭಕ್ತಿ ವಯಸ್ಸಾದ ಮೇಲೆ ಬಂದಿದೆ ಎಂದು ನಮಗಿಬ್ಬರಿಗೂ ಹೆಮ್ಮೆ. ನಮ್ಮವ್ವ ತಿಂಗಳಿಗೆ ಎರಡು ಉಪವಾಸ ಮಾಡುತ್ತಾಳೆ ಎಂದು ನಾನು ಮಂಡ್ಯದ ಹೋಟೆಲಿನಲ್ಲಿ ಕೂತು ದೋಸೆ ತಿನ್ನುತ್ತಾ ನಾಲ್ಕು ಜನಕ್ಕೆ ಹೇಳಿದ್ದುಂಟು.

ಲಾರಿಯದು ಅಷ್ಟು ಸುಲಭವಾಗಲಿಲ್ಲ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಮಾರಿದ್ದನ್ನು, ಕಾರ್ಖಾನೆಗೆ ಕಬ್ಬು ಹೊಡೆಯಲು ಆಗುತ್ತದೆ ಎಂದು ಇಬ್ಬರೂ ಸೇರಿ ತಂದಿದ್ದೆವು. ಹಿರಿಯರು ಅದರ ಸುತ್ತ ಮೂರು ಸಲ ಬಂದು, ಎಡಗಡೆಯ ಗಾಲಿ, ಬಾಗಿಲು, ದೀಪ ದೊಡ್ಡವನಿಗೆ, ಬಲಗಡೆಯವು ಚಿಕ್ಕವನಿಗೆ ಎಂದು ತೀರ್ಪು ಕೊಟ್ಟರು. ಓಡಿಸುವ ಚಕ್ರ ಬಲಗಡೆ ಇದ್ದುದರಿಂದ ಡ್ರೈವರು ನಾನಾದೆ. ಅಣ್ಣ ಪಕ್ಕದಲ್ಲಿ ಕೂತು ತನ್ನ ಕಡೆಯ ಹಳ್ಳಗಳನ್ನು ಕಾಯುತ್ತಿದ್ದ.

‘ಲೇ, ನನ್ ಗಾಲೀನ ಬೇಕೂಂತ್ಲೇ ಅಳ್ಳಕ್ಕೆ ಇಳುಸ್ತೀಯ.’

‘ರಸ್ತೇನೇ ಅಳ್ಳ ಕಣಣ್ಣ.’

‘ನಿನ್ ಕಡೆ ಯಾಕಿಲ್ಲ ಮತ್ತೆ?’

ಹೀಗೆ ಮಂಡ್ಯದವರೆಗೂ ಹೋಗುತ್ತಿದ್ದೆವು.

ಆ ವರ್ಷ ಅವ್ವ ನಾಲೆಯ ತೂಬಿನ ಹತ್ತಿರ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ನಾಟಿ ವೈದ್ಯ ಕಟ್ಟು ಹಾಕಿ, ಕೋಲು ಹಿಡಿದು ಓಡಾಡಬಹುದು, ಆದರೆ ಕುಲುಕಾಟ ಕೂಡದು, ಗಾಡಿ ಹತ್ತಿದರೆ ಮತ್ತೆ ಮಲಗುವುದೇ ಸೈ ಎಂದ. ಅದೇ ಹೊತ್ತಿಗೆ ಮಳವಳ್ಳಿಯಲ್ಲಿದ್ದ ನಮ್ಮ ತಂಗಿಗೆ ಏಳು ತಿಂಗಳು ತುಂಬಿತು. ಎರಡು ಬಸುರು ನಿಲ್ಲದೆ ಹೋಗಿ ಇದು ಮೂರನೆಯದು. ಹೆರಿಗೆಗೆ ತವರಿಗೆ ಬರಬೇಕಾದವಳು. ಆದರೆ ತವರು ಈಗ ಎರಡು. ಬಾಣಂತನ ಯಾರ ಪಾಲಿಗೆ ಎಂದು ಪಾಲುಪಟ್ಟಿಯಲ್ಲಿ ಬರೆದಿರಲಿಲ್ಲ. ದೊಡ್ಡವನು ಕರೆಯಲಿ ಎಂದು ನಾನು ಕಾದೆ, ಚಿಕ್ಕವನು ಕರೆಯಲಿ ಎಂದು ಅವನು ಕಾದ. ಕಾಯುವುದರಲ್ಲಿ ದಿನ ಕಳೆದು, ಅಲ್ಲಿನ ಸೂಲಗಿತ್ತಿ ಇನ್ನು ಅವಳು ಅಲ್ಲಾಡಕೂಡದು ಎಂದುಬಿಟ್ಟಳು.

ಅವ್ವ ಜಗಲಿಯ ಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡಳು.

‘ಅವಳು ಬರಂಗಿಲ್ಲ. ನಾನು ಓಗ್ಬೇಕು. ಆ ಮಗು ಉಟ್ಟೋವಾಗ ನಾನು ಅಲ್ಲಿರ್ಬೇಕು ಕಣ್ರಪ್ಪ. ಇನ್ನೇನೂ ಕೇಳಾಕಿಲ್ಲ ನಿಮ್ಮನ್ನ. ಆ ನಿಮ್ ಲಾರಿ ಕುಲುಕದಂಗೆ ಏನಾದ್ರೂ ಮಾಡಿ.’

ತಾಯಿ ಬಾಯಿ ಬಿಟ್ಟು ಕೇಳಿದ್ದಾಳೆ. ಮಾಡದೆ ಇರುವುದುಂಟೆ? ಮಾರನೆಯ ದಿನವೇ ಮದ್ದೂರಿನಿಂದ ಸಾಬರನ್ನು ಕರೆಸಿದೆವು. ಬಸ್ಸುಗಳ ಕಮಾನು ಕಟ್ಟುವುದರಲ್ಲಿ ಅವರದು ಎತ್ತಿದ ಕೈ. ಕಮಾನು ಎಂದರೆ ಗಾಲಿಗೂ ಲಾರಿಯ ಮೈಗೂ ನಡುವೆ ಇರುವ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟೆಗಳ ಕಟ್ಟು. ಗಾಲಿ ಗುಂಡಿಗೆ ಬಿದ್ದಾಗ ಅದು ಬಗ್ಗಿ ಪೆಟ್ಟನ್ನು ತಾನು ತಿನ್ನುತ್ತದೆ. ನಮ್ಮದರಲ್ಲಿ ಎರಡೂ ಕಡೆ ಒಂದೊಂದು ಪಟ್ಟೆ ಮುರಿದಿತ್ತು.

ಕೆಲಸ ನಮ್ಮ ಅಂಗಳದಲ್ಲೇ ನಡೆಯಿತು. ಜಾಕಿ ಕೊಟ್ಟು ಲಾರಿಯ ಹಿಂಭಾಗ ಎತ್ತಿ, ಹಲಸಿನ ದಿಮ್ಮಿಗಳ ಮೇಲೆ ನಿಲ್ಲಿಸಿ, ಸಾಬರು ಕಟ್ಟು ಬಿಚ್ಚಿದರು. ಊರ ಕುಲುಮೆಯಲ್ಲಿ ಹೊಸ ಪಟ್ಟೆ ಕಾಯಿಸಿ, ಹಳೆಯದರ ಮೇಲಿಟ್ಟು ಡೊಂಕು ನೋಡಿ, ನಡುವೆ ಕೀಲೆಣ್ಣೆ ಬಳಿದು, ಬೋಲ್ಟು ಬಿಗಿದರು. ಹಿಂದಿನ ಅಚ್ಚಿನ ನಡುವೆ ಇದ್ದ ಹಲ್ಲುಚಕ್ರದ ಪೆಟ್ಟಿಗೆ ಬಿಚ್ಚಿ ನೋಡಿದರೆ ಎಣ್ಣೆಯ ಪಸೆಯೂ ಇಲ್ಲ.

‘ಇದಕ್ಕೆ ಎಣ್ಣೆ ಯಾರು ಆಕ್ತೀರಿ ಗೌಡ್ರೇ?’ ಎಂದರು ಸಾಬರು.

ನಾನು ಅಣ್ಣನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ನಡುವಿನದು ಇಬ್ಬರ ಪಾಲಿಗೂ ಬಂದಿರಲಿಲ್ಲ. ಸಾಬರು ನಕ್ಕು ತಾವೇ ಎಣ್ಣೆ ಹುಯ್ದರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯದಂತೆ ಮಾಡಿದವನು ನಾನು, ಅದನ್ನು ಮುಚ್ಚಿಡುವುದಿಲ್ಲ. ಅವ್ವನ ಸೊಂಟದ ಮೇಲೆ ನನಗೆ ಅಣ್ಣನಿಗಿಂತ ಹೆಚ್ಚು ಕಾಳಜಿ ಎಂದು ತೋರಬೇಕಿತ್ತು. ಅವನು ಕಬ್ಬಿನ ಕೆಲಸಕ್ಕೆ ಕಾರ್ಖಾನೆಗೆ ಹೋದ ದಿನ ಸಾಬರಿಂದ ನನ್ನ ಕಡೆಗೆ ಇನ್ನೊಂದು ಪಟ್ಟೆ ಹಾಕಿಸಿದೆ. ‘ಒಂದೇ ಕಡೆ ಬೇಡ’ ಎಂದರು, ಕೇಳಲಿಲ್ಲ. ಸಂಜೆ ಅಣ್ಣ ಬಂದು ನೋಡುತ್ತಾನೆ, ಲಾರಿ ಅವನ ಕಡೆಗೆ ತಗ್ಗಿ ನಿಂತಿದೆ.

ತಗ್ಗಿದ್ದು ಲಾರಿ. ಆದರೆ ಅರಳಿಕಟ್ಟೆಯ ಮೇಲೆ ಕೂತವರು ಹಾಗೆ ಹೇಳಲಿಲ್ಲ. ‘ದೊಡ್ಡೋನು ತಗ್ಗಿ ಓದ’ ಎಂದರು. ಅಣ್ಣ ಮಾರನೆಯ ದಿನ ತನ್ನ ಕಡೆಗೆ ಎರಡು ಹಾಕಿಸಿದ. ಲಾರಿ ನನ್ನ ಕಡೆಗೆ ವಾಲಿತು. ನಾನೂ ಎರಡು ಹಾಕಿಸಿದೆ. ಎರಡು ವಾರ ಸಾಬರು ಮದ್ದೂರಿನಿಂದ ಮಂಡ್ಯಕ್ಕೆ ರೈಲು, ಮಂಡ್ಯದಿಂದ ನಮ್ಮೂರಿಗೆ ನಡಿಗೆ, ಹೀಗೇ ತಿರುಗಿದರು. ಕೊನೆಗೆ ಎರಡೂ ಕಡೆ ನಾಲ್ಕು ನಾಲ್ಕು ಹೆಚ್ಚಿನ ಪಟ್ಟೆ ಕೂತವು. ಲಾರಿಯ ಹಿಂಭಾಗ ಎಷ್ಟು ಎತ್ತರಕ್ಕೆ ಹೋಯಿತೆಂದರೆ ಕೆಳಗೆ ಎಮ್ಮೆಕರು ಮಲಗಲು ಶುರುಮಾಡಿತು.

‘ಪಟ್ಟೆ ಇರೋದೇ ಬಗ್ಗಕ್ಕೆ ಗೌಡ್ರೇ’ ಎಂದರು ಸಾಬರು, ಬೇಸತ್ತು. ‘ನೀವು ಇಷ್ಟು ತುಂಬುದ್ರೆ ಅದು ಎಲ್ಲಿಂದ ಬಗ್ಗಬೇಕು? ಬಗ್ಗಲೇಬಾರ್ದು ಅನ್ನೋದಾದ್ರೆ ಏಳಿ, ಎರಡು ಸೈಜುಗಲ್ಲು ಇಟ್ಟು ಕಟ್ಟುಬುಡ್ತೀನಿ. ಜನ್ಮಕ್ಕೂ ಬಗ್ಗಾಕಿಲ್ಲ.’

ಅಣ್ಣನಿಗೆ ಸಿಟ್ಟು ಬಂತು. ಪರೀಕ್ಷೆ ಮಾಡೋಣ ಎಂದು ಒಂದು ಗಡಿಗೆ ಮೊಸರನ್ನು ಲಾರಿಯ ಹಿಂಭಾಗದಲ್ಲಿ, ಹಾಸಿದ ಹುಲ್ಲಿನ ಮೇಲೆ ಇಡಿಸಿದ. ನಾಲೆಯ ಸೇತುವೆಯವರೆಗೆ ಹೋಗಿ ಬಂದೆವು. ಹೋಗುವಾಗ ನನ್ನ ತಲೆ ಮೂರು ಸಲ ಮೇಲಿನ ತಗಡಿಗೆ ಬಡಿಯಿತು. ಬಂದು ನೋಡಿದರೆ ಗಡಿಗೆ ಹೋಳಾಗಿತ್ತು, ಹುಲ್ಲು ಮೊಸರನ್ನ ಆಗಿತ್ತು. ಮೊಸರು ಸರಿಯಾಗಿ ಹೆಪ್ಪಾಗಿರಲಿಲ್ಲ ಎಂದ ಅಣ್ಣ. ಗಡಿಗೆ ಸರಿಯಾಗಿ ಬೆಂದಿರಲಿಲ್ಲ ಎಂದೆ ನಾನು. ತಪ್ಪು ಪಟ್ಟೆಯದಲ್ಲ ಎಂಬ ಒಂದು ವಿಷಯದಲ್ಲಿ ನಾವಿಬ್ಬರೂ ಒಂದಾಗಿದ್ದೆವು.

ಜಗಲಿಯಿಂದ ಅವ್ವ ಹೋಳುಗಳನ್ನೇ ನೋಡುತ್ತಿದ್ದಳು. ‘ಅದು ನನ್ ಸೊಂಟ ಆಗಿದ್ರೆ ಯಾರ ಕಡೇದು ಮುರೀತು ಅಂತಿದ್ರೋ’ ಎಂದಳು.

ಅಷ್ಟರಲ್ಲಿ ಮಳವಳ್ಳಿಯಿಂದ ಆಳು ಬಂದ. ತಂಗಿಗೆ ದಿನ ಹತ್ತಿರ ಬಂದಿದೆ, ರಾತ್ರಿಯೆಲ್ಲ ಅವ್ವ ಅವ್ವ ಅನ್ನುತ್ತಾಳೆ, ನಾಳೆಯೇ ಬರಬೇಕಂತೆ ಎಂದ. ಅವ್ವ ಕೋಲು ಊರಿಕೊಂಡು ಎದ್ದು ಸೀರೆಯ ಗಂಟು ಕಟ್ಟಲು ಹೋದಳು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದಳು. ಅದನ್ನು ನೋಡಿ ನನಗೆ ಮೊದಲ ಸಲ ಹೆದರಿಕೆಯಾಯಿತು.

‘ನಾಕ್ ನಾಕ್ ಪಟ್ಟೆ ತೆಗೆದುಬುಡವ’ ಎಂದರು ಸಾಬರು. ‘ಕತ್ತಲಾಗೋದ್ರೊಳಗೆ ಮುಗಿಸ್ತೀನಿ.’

‘ಅವನು ಮೊದ್ಲು ತೆಗೀಲಿ’ ಎಂದ ಅಣ್ಣ.

‘ಅಣ್ಣ ತೆಗುದ್ರೆ ನಾನು ತೆಗೀತೀನಿ’ ಎಂದೆ ನಾನು. ಹೆದರಿಕೆ ಇತ್ತು, ಆದರೂ ಬಾಯಿಂದ ಬಂದದ್ದು ಅದೇ. ಮನುಷ್ಯ ಎಂಥ ಪ್ರಾಣಿ ಎಂದು ಬೇರೆಯವರನ್ನು ನೋಡಿ ನಾನು ಕಲಿತದ್ದಲ್ಲ.

ಸಾಬರು ಕೈಯ ಎಣ್ಣೆ ಒರೆಸಿಕೊಂಡು ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತರು. ‘ತಾಯಿ, ಇನ್ನೊಂದು ದಾರಿ ಅದೆ. ಇಷ್ಟು ಪಟ್ಟೆ ಬಗ್ಗಬೇಕಾದ್ರೆ ಮೇಲೆ ಬಾರ ಬೇಕು. ಖಾಲಿ ಓದ್ರೆ ಕುಣೀತದೆ, ತುಂಬ್ಕಂಡು ಓದ್ರೆ ತೊಟ್ಲು. ಎರಡೂ ಕಡೆ ಸಮವಾಗಿ ತುಂಬ್ಬೇಕು.’

ಅವ್ವ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಗೋಡೆಯ ಎರಡೂ ಪಕ್ಕಕ್ಕೆ ಕೇಳುವಂತೆ ಕೂಗಿದಳು. ‘ಎರಡು ಮನೆಯೋರೂ ಒರಡಿ. ಇರೋಬರೋ ರಾಗಿ ಮೂಟೆ ಎಲ್ಲ ಏರ್ಸಿ. ದೊಡ್ಡೋನ ಮನೆಯೋರು ಬಲಗಡೆ ಕುಂತ್ಕಳ್ಳಿ, ಚಿಕ್ಕೋನ ಮನೆಯೋರು ಎಡಗಡೆ.’

‘ಅದ್ಯಾಕವ್ವ, ಅಡ್ಡಾದಿಡ್ಡಿ?’ ಎಂದ ಅಣ್ಣ.

‘ನಿನ್ ಎಂಡ್ರುಮಕ್ಳು ಅವನ್ ಗಾಲಿ ಮೇಲಿದ್ರೆ ಅವನ್ ಗಾಲಿಗೂ ನೀನು ಅಳ್ಳ ಕಾಯ್ತೀಯ ಕಣ್ಲಾ. ಅದುಕ್ಕೆ.’

ಬೆಳಿಗ್ಗೆ ಎರಡು ಮನೆಯ ಹದಿನೇಳು ಜನ, ಬಾಣಂತಿಗೆ ಬೆಲ್ಲ, ಸೌದೆ, ಎರಡು ಕಣಜದ ರಾಗಿ, ಎಲ್ಲ ಲಾರಿ ಹತ್ತಿದವು. ಕಮಾನುಗಳು ಕಿರುಗುಟ್ಟಿ ಮೆಲ್ಲಗೆ ಕೆಳಗಿಳಿದವು. ಕರು ಎದ್ದು ಓಡಿತು. ಅವ್ವನನ್ನು ಸರಿಯಾಗಿ ನಡುವೆ, ಹುಲ್ಲು ಕೌದಿ ಹಾಸಿ ಮಲಗಿಸಿದೆವು. ಪಾಲಾದ ಮೇಲೆ ಮಾತು ಬಿಟ್ಟಿದ್ದ ನನ್ನ ಹೆಂಡತಿಯೂ ಅತ್ತಿಗೆಯೂ ಅವಳ ಎರಡು ಪಕ್ಕ ಕೂತು ಕೌದಿಯ ಅಂಚು ಬಿಗಿಹಿಡಿದರು. ಊರ ದನದ ದೊಡ್ಡಿ ದಾಟುವ ಹೊತ್ತಿಗೆ ‘ಅಕ್ಕ, ಒಸಿ ಎಳ್ಕೊ’ ಎನ್ನುವುದು ಕೇಳಿಸಿತು. ಹಳ್ಳ ಕಂಡಲ್ಲೆಲ್ಲ ನಾನು ನಡಿಗೆಯ ವೇಗಕ್ಕೆ ಇಳಿಸಿ ಓಡಿಸಿದೆ. ಅಣ್ಣ ಎಡಗಡೆಯ ಕಿಟಕಿ ಬಿಟ್ಟು ನನ್ನ ಭುಜದ ಮೇಲೆ ಬಗ್ಗಿ, ನನ್ನ ಕಡೆಯ ಹಳ್ಳಗಳನ್ನು ಎಣಿಸುತ್ತಿದ್ದ. ಅವ್ವ ಒಂದು ಸಲವೂ ನರಳಲಿಲ್ಲ.

ಮಳವಳ್ಳಿ ತಲುಪಿದಾಗ ಮಧ್ಯಾಹ್ನ. ತಂಗಿ ಅವ್ವನ ಕೈ ಹಿಡಿದವಳು ಬಿಡಲಿಲ್ಲ. ಬೀಗಿತ್ತಿ ಎಲ್ಲರಿಗೂ ಊಟಕ್ಕಿಟ್ಟರು. ಅವ್ವ ಎರಡು ಮುದ್ದೆ ಉಂಡಳು. ಸಾರು ಎರಡನೆಯ ಸಲ ಹಾಕಿಸಿಕೊಂಡಳು. ಆಮೇಲೆ ಅನ್ನ, ಮಜ್ಜಿಗೆ. ಬಹಳ ದಿನ ಹಸಿದವರ ಊಟ ಅದು. ಅಣ್ಣನಿಗೆ ಥಟ್ಟನೆ ನೆನಪಾಯಿತು.

‘ಅವ್ವ, ಇವತ್ತು ಉಣ್ಣಿಮೆ. ನಿನ್ ಉಪಾಸ ಅಲ್ವಾ?’

ಅವ್ವ ಕೈ ನಿಲ್ಲಿಸಲಿಲ್ಲ. ‘ಆ ಉಪಾಸ ನಮ್ಮೂರುದು ಕಣ್ಲಾ. ಅಲ್ಲಿ ಆ ದಿನ ನೀನು ಅವನ್ ಮನೇಲಿ ಉಂಡವ್ಳೆ ಅಂತೀಯ, ಅವನು ನಿನ್ ಮನೇಲಿ ಉಂಡವ್ಳೆ ಅಂತಾನೆ. ಈ ಮನೇಲಿ ಅಂಥ ದಿನ ಇಲ್ಲ.’

ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಉಪ್ಪು ಕಡಿಮೆ ಎನ್ನುವ ದನಿಯಲ್ಲಿ ಹೇಳಿದಳು. ನನಗೆ ಮಂಡ್ಯದ ಹೋಟೆಲಿನ ದೋಸೆ ನೆನಪಾಯಿತು.

ನಾಲ್ಕನೆಯ ದಿನ ತಂಗಿಗೆ ಹೆಣ್ಣು ಮಗು ಹುಟ್ಟಿತು. ಅವ್ವ ಅಲ್ಲೇ ಇದ್ದಳು. ಬಾಣಂತನ ಮುಗಿಯುವವರೆಗೂ ಇದ್ದಳು.

ಊರಿಗೆ ಬಂದ ಮೇಲೆ ಸಾಬರನ್ನು ಮತ್ತೆ ಕರೆಸಿದೆವು. ಅವರಿಗೆ ಕೆಲಸವೇ ಉಳಿಯಲಿಲ್ಲ. ನನ್ನ ಕಡೆಯ ಬೋಲ್ಟುಗಳನ್ನು ಅಣ್ಣ ಬಿಚ್ಚಿದ, ಅವನ ಕಡೆಯವನ್ನು ನಾನು ಬಿಚ್ಚಿದೆ. ಸಾಬರು ದಿಮ್ಮಿಯ ಮೇಲೆ ಕೂತು ಬೀಡಿ ಸೇದುತ್ತಾ, ‘ಇನ್ನೊಂದ್ ಸುತ್ತು ತಿರುಗ್ಸಿ’ ಎನ್ನುತ್ತಿದ್ದರು. ಬಿಚ್ಚಿದ ಎಂಟು ಪಟ್ಟೆಗಳನ್ನು ಕುಲುಮೆಗೆ ಕೊಟ್ಟು ಮಚ್ಚು ಮಾಡಿಸಿದೆವು. ಕಬ್ಬು ಕಡಿಯಲು ಅಷ್ಟು ಒಳ್ಳೆಯ ಮಚ್ಚು ಆಮೇಲೆ ನಾನು ಕಂಡಿಲ್ಲ.

ಮೂರು ತಿಂಗಳಾದ ಮೇಲೆ ಅದೇ ಲಾರಿಯಲ್ಲಿ ಅವ್ವನನ್ನು ಕರೆತಂದೆವು. ಮುಂದಿನ ಹುಣ್ಣಿಮೆ ಬಂತು. ಅವಳು ಗಂಟು ಹಿಡಿದು ಅಂಗಳಕ್ಕೆ ಇಳಿಯುವುದನ್ನೇ ನಾನು ಬಾಗಿಲಲ್ಲಿ ಕಾಯುತ್ತಿದ್ದೆ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಮುದ್ದೆ. ಎದುರು ಬಾಗಿಲಿಂದ ಅಣ್ಣನೂ ತಟ್ಟೆ ಹಿಡಿದು ಬಂದ. ಅವನದರಲ್ಲಿ ಎರಡು ಮುದ್ದೆ. ನಾನು ಒಳಗೆ ಓಡಿ ಇನ್ನೆರಡು ಇಟ್ಟುಕೊಂಡು ಬಂದೆ. ಅವನು ಬೆಣ್ಣೆ ತರಲು ತಿರುಗಿದ.

ಅವ್ವ ಅಂಗಳದ ನಡುವೆ ನಿಂತು ಇಬ್ಬರನ್ನೂ ನೋಡಿದಳು.

‘ಮತ್ತೆ ಪಟ್ಟೆ ಸೇರ್ಸಕ್ಕೆ ಸುರು ಮಾಡುದ್ರಲ್ಲ’ ಎಂದಳು. ‘ಇರೋದು ಒಂದೇ ಒಟ್ಟೆ ಕಣ್ರಪ್ಪ. ಎರಡೂ ತಟ್ಟೆ ಇಲ್ಲೇ ಇಕ್ಕಿ. ಮೂರು ಜನಾನೂ ಕುಂತ್ಕಂಡು ಉಣ್ಣವ.’