ಕೊಬ್ಬಿನ ಮಾತ್ರೆ

ಕುವೈತಿಗೆ ಬಂದಿಳಿದ ಅತ್ತೆ, ಸಾಲ್ಮಿಯಾದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಮೊದಲು ಪತ್ತೆ ಮಾಡಿದ್ದು ನನ್ನ ಮಾತ್ರೆಯನ್ನು. ಕೊಲೆಸ್ಟರಾಲಿಗೆಂದು ಅವರೂ ಅದನ್ನೇ ನುಂಗುತ್ತಾರೆ. ನನಗೆ ತುಳು ಬಾರದೆಂದು ಅವರು ನನ್ನೊಡನೆ ಆಡುವುದು ಮಂಗಳೂರು ಕನ್ನಡ.

"ಕಡ್ಡಿ ಹಾಗೆ ಇದ್ದಿ. ನಿಂಗೆಂತ ಕೊಬ್ಬು ಮಾರಾಯ್ತಿ?"

ನನಗಿರುವುದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆದು, ಮುಟ್ಟಿನ ದಿನಗಳಲ್ಲಿ ಹೊಟ್ಟೆಯನ್ನು ಹಿಂಡುತ್ತದೆ. ಹಾರ್ಮೋನ್ ಮಾತ್ರೆ ಒಗ್ಗಲಿಲ್ಲ. ಕೊಲೆಸ್ಟರಾಲ್ ಇಳಿಸುವ ಮಾತ್ರೆ ಇದಕ್ಕೂ ಆದೀತೇ ಎಂದು ಸಂಶೋಧಕರು ನೋಡುತ್ತಿದ್ದಾರೆ, ಖಾತ್ರಿಯಿಲ್ಲ, ಬೇಕಿದ್ದರೆ ಕೆಲವು ತಿಂಗಳು ನೋಡೋಣ ಎಂದರು ಡಾಕ್ಟರು. ಅಲ್ಲಿಯವರೆಗೆ ಬಸಿರಾಗಬಾರದು. ಗಂಡನೂ ನಾನೂ ಒಪ್ಪಿಕೊಂಡೆವು. ಮೊಮ್ಮಗುವಿಗೆ ಹರಕೆ ಹೊತ್ತು ವಿಮಾನ ಹತ್ತಿದ ಅತ್ತೆಗೆ ಇದನ್ನೆಲ್ಲ ಹೇಳುವ ಬಾಯಿ ನನಗಿರಲಿಲ್ಲ. ಹೌದತ್ತೆ, ಕೊಬ್ಬು ಎಂದುಬಿಟ್ಟೆ.

ಶುಕ್ರವಾರ ಗೆಳತಿಯರು ಸಂಸಾರ ಸಮೇತ ಊಟಕ್ಕೆ ಬಂದರು. ಕೋಳಿಸಾರು ಬಡಿಸುತ್ತಿದ್ದ ಅತ್ತೆ ನನ್ನ ತಟ್ಟೆ ದಾಟಿ ಹೋದರು. ತೆಂಗಿನಕಾಯಿ ಇವಳಿಗೆ ಆಗದು, ಕೊಬ್ಬು ಜಾಸ್ತಿ ಎಂದರು. ಅದು ನಮಗೆ ಮೊದಲೇ ಗೊತ್ತಿತ್ತು ಎಂದು ಗೆಳತಿಯೊಬ್ಬಳು ಕಾಲೆಳೆದಳು. ಎಲ್ಲರೊಡನೆ ನಾನೂ ನಕ್ಕೆ. ಬೇಯಿಸಿದ ಸೋರೆಕಾಯಿ ತಿನ್ನುತ್ತ ಒಳಗೊಳಗೇ ಕುಗ್ಗಿಹೋದೆ. ಸುಳ್ಳಿಗಿಂತ, ರೋಗ ಬಂದ ಜಾಗಕ್ಕೇ ನನಗೆ ನಾಚಿಕೆ ಹೆಚ್ಚು. ಶುಗರ್ ಇದ್ದವರು ಊಟದ ನಡುವೆ ತಮ್ಮ ರಿಪೋರ್ಟ್ ಒಪ್ಪಿಸಬಹುದು. ನಾನು ಬಾಯಿ ಬಿಟ್ಟಿದ್ದರೆ ಗಂಡಸರೆಲ್ಲ ತಟ್ಟೆಯೊಳಗೆ ಮುಖ ಹುದುಗಿಸುತ್ತಿದ್ದರು.

ಊಟ ಮುಗಿಸಿ ಎಲ್ಲರೂ ಹೊರಟರು. ಕಾರಿಲ್ಲದ ಒಂದು ಜೋಡಿಯನ್ನು ಬಿಡಲು ಗಂಡ ರುಮೈಥಿಯಾಕ್ಕೆ ಹೋದರು. ಆಗಲೇ ನೋವು ಶುರುವಾಯಿತು. ಪಾತ್ರೆ ತೊಳೆಯುತ್ತಿದ್ದವಳು ಅಲ್ಲೇ ನೆಲಕ್ಕೆ ಕುಸಿದೆ. ಏನಾಯಿತೆಂದು ಅತ್ತೆ ಓಡಿ ಬಂದರು. ತಲೆ ಎತ್ತದೆ ಎಲ್ಲವನ್ನೂ ಹೇಳಿದೆ, ಮಗು ಸದ್ಯಕ್ಕಿಲ್ಲ ಎಂಬುದನ್ನೂ.

ಬೈಗುಳಕ್ಕೆ ಕಾದೆ. ಅವರು ಮಂಡಿ ಹಿಡಿದುಕೊಂಡು ನನ್ನ ಪಕ್ಕದಲ್ಲಿ ಕೂತರು.

"ನಾನೂ ಆ ದಿನಗಳಲ್ಲಿ ಹೀಗೇ ಮುದುಡಿ ಮಲಗ್ತಿದ್ದೆ. ಏಳ್ಲಿಕ್ಕೇ ಆಗ್ತಿರ್ಲಿಲ್ಲ. ಕೆಲಸ ಮಾಡ್ಲಿಕ್ಕೆ ಕೊಬ್ಬು ಇವಳಿಗೆ ಅಂತ ನನ್ನ ಅತ್ತೆ ಹೇಳ್ತಿದ್ರು. ಇಷ್ಟು ವರ್ಷ ನಾನೂ ಹಾಗೇ ಎಣಿಸಿದ್ದೆ."

ನಲ್ಲಿ ಹರಿಯುತ್ತಲೇ ಇತ್ತು. ಇಬ್ಬರೂ ಏಳಲಿಲ್ಲ.

"ಅದಕ್ಕೆ ಹೆಸರು ಎಂತ ಹೇಳಿದಿ? ಇನ್ನೊಮ್ಮೆ ಹೇಳು."

ಹೇಳಿದೆ. ಮನೆಯಲ್ಲಿ ನಾವಿಬ್ಬರೇ ಇದ್ದರೂ, ದನಿ ತಗ್ಗಿಸಿಯೇ ಹೇಳಿದೆ.